ಬಚ್ಚಲಿಗೆ ಆಸಿಡ್ ಸುರಿಯುವ ಮುನ್ನ ನೆಲದ ಚರಿತ್ರೆ ಓದಿ

ಹಂಪಾಪುರದ ಕಡೆ ಹಳೆ ಮನೆ ರಿಪೇರಿಗೆ ಕೈ ಹಾಕಿದರೆ ಮೊದಲು ಏಟು ಬೀಳುವುದು ಬಚ್ಚಲು ಮನೆಯ ನೆಲಕ್ಕೆ. ಎಷ್ಟು ತಿಕ್ಕಿದರೂ ಕಲೆ ಹೋಗಲಿಲ್ಲ ಎಂದು ಆಸಿಡ್ ಸುರಿಯುತ್ತೇವೆ. ಆಗಲೂ ಆಗದಿದ್ದರೆ ಕಿತ್ತು ಹಾಕುತ್ತೇವೆ. ಆದರೆ ಆ ನೆಲ ಹೇಗೆ ತಯಾರಾಯಿತು ಎಂದು ಗೊತ್ತಿದ್ದರೆ, ಹೇಗೆ ತೊಳೆಯಬೇಕು ಎಂಬುದೂ ಗೊತ್ತಾಗುತ್ತದೆ.

ಮೊದಲು ನಮ್ಮ ಬಚ್ಚಲುಗಳಲ್ಲಿ ಇದ್ದದ್ದು ಕಲ್ಲು ಚಪ್ಪಡಿ. ಹೊಳೆಯುವ ಟೈಲ್ಸ್ ಬಂದದ್ದು ಇಂಗ್ಲೆಂಡಿನಿಂದ. 1840ರಲ್ಲಿ ರಿಚರ್ಡ್ ಪ್ರಾಸರ್ ಎಂಬಾತ ಮಣ್ಣಿನ ಪುಡಿಯನ್ನು ಅಚ್ಚಿನಲ್ಲಿ ಒತ್ತುವ ವಿಧಾನಕ್ಕೆ ಪೇಟೆಂಟ್ ಪಡೆದ. ಆಮೇಲೆ ಟೈಲ್ಸ್ ರಾಶಿ ರಾಶಿಯಾಗಿ ತಯಾರಾಗಿ, ಹಡಗು ಹತ್ತಿ ಭಾರತಕ್ಕೂ ಬಂದವು. ಆಗ ಅವು ಅರಮನೆ, ಬಂಗಲೆಗಳ ಸೊತ್ತು.

ಅದಕ್ಕೆ ಎದುರಾಗಿ ಸ್ವದೇಶಿ ಟೈಲ್ಸ್ ಹುಟ್ಟಿತು. 1922ರಲ್ಲಿ ಮುಂಬೈನಲ್ಲಿ ಸಿಧ್ವಾ ಕುಟುಂಬದವರು ಭಾರತ್ ಫ್ಲೋರಿಂಗ್ಸ್ ಶುರು ಮಾಡಿದರು. ಅವರದು ಸಿಮೆಂಟ್ ಟೈಲ್ಸ್. ಅಚ್ಚಿಗೆ ಮೊದಲು ಬಣ್ಣದ ಸಿಮೆಂಟ್ ಹುಯ್ದು, ಮೇಲೆ ಸಿಮೆಂಟ್ ಮರಳು ತುಂಬಿ ಯಂತ್ರದಲ್ಲಿ ಒತ್ತುತ್ತಾರೆ. ಬೆಂಕಿಯಲ್ಲಿ ಸುಡುವುದಿಲ್ಲ, ನೀರಿನಲ್ಲಿ ನೆನೆಸಿ ಗಟ್ಟಿ ಮಾಡುತ್ತಾರೆ. ಟೈಲ್ಸ್ ಕೈಗೆಟುಕದ ಮನೆಗಳಲ್ಲಿ ಗಾರೆಯವರು ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ನಯವಾಗಿ ತೀಡಿದರು. ಅದೇ ರೆಡ್ ಆಕ್ಸೈಡ್ ನೆಲ.

ಈಗ ಆಸಿಡ್ ಏನು ಮಾಡುತ್ತದೆ ನೋಡಿ. ಸಿಮೆಂಟಿನಲ್ಲಿ ಸುಣ್ಣದ ಅಂಶವಿದೆ, ಆಸಿಡ್ ಅದನ್ನು ತಿನ್ನುತ್ತದೆ. ಬುರುಗು ಬಂದಾಗ ಕೊಳೆ ಹೋಯಿತು ಅಂದುಕೊಳ್ಳುತ್ತೇವೆ. ಹೋಗುತ್ತಿರುವುದು ನೆಲದ ಮೈ. ಒರಟಾದ ನೆಲ ಇನ್ನೂ ಬೇಗ ಕೊಳೆ ಹಿಡಿಯುತ್ತದೆ. ಸುಟ್ಟ ಟೈಲ್ಸ್ ಮೇಲೆ ಗಾಜಿನಂಥ ಪದರವಿದೆ ನಿಜ. ಆದರೆ ಸಂದಿನಲ್ಲಿರುವುದು ಸಿಮೆಂಟೇ. ಅದು ಕರಗಿದರೆ ನೀರು ಕೆಳಗಿಳಿದು ಟೈಲ್ಸ್ ಏಳುತ್ತವೆ.

ಬೋರ್‌ವೆಲ್ ನೀರು ಗಡಸಾಗಿದ್ದರೆ ಬಿಳಿ ಪೊರೆ ಕಟ್ಟುತ್ತದೆ. ಹೊಳಪಿನ ಟೈಲ್ಸ್ ಆದರೆ ಮೊದಲು ನೆಲ ನೆನೆಸಿ, ನಿಂಬೆರಸಕ್ಕೆ ನೀರು ಬೆರೆಸಿ ಒರೆಸಿ, ಕೂಡಲೇ ತೊಳೆಯಿರಿ. ಸಿಮೆಂಟ್ ಟೈಲ್ಸ್, ರೆಡ್ ಆಕ್ಸೈಡ್‌ಗೆ ನಿಂಬೆಯೂ ಬೇಡ. ಸೋಪಿನ ನೀರು, ತೆಂಗಿನ ನಾರು, ಎರಡು ಮೂರು ದಿನದ ತಾಳ್ಮೆ ಸಾಕು. ಕಬ್ಬಿಣದ ನಾರು ಮುಟ್ಟಿಸಬೇಡಿ. ನಡುಮನೆಯ ಕೆಂಪು ನೆಲಕ್ಕೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಇದೆ, ಬಚ್ಚಲಿನಲ್ಲಿ ಹಚ್ಚಿದರೆ ಜಾರಿ ಬೀಳುತ್ತೀರಿ. ಬಿರುಕಿಗೆ ಅದೇ ಬಣ್ಣದ ಪುಡಿ ಬೆರೆಸಿದ ಸಿಮೆಂಟ್ ತುಂಬಿಸಿ.

ಒಂದು ಮಾತು ಮನೆಯವರಿಗೆಲ್ಲ ಹೇಳಿ. ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಎಂದೂ ಬೆರೆಸಬಾರದು. ಕ್ಲೋರಿನ್ ಅನಿಲ ಏಳುತ್ತದೆ, ಸಣ್ಣ ಬಚ್ಚಲಿನೊಳಗೆ ಅದು ಪ್ರಾಣಕ್ಕೇ ಕುತ್ತು. ನೆಲ ಹೋದರೆ ಇನ್ನೊಂದು ಹಾಕಿಸಬಹುದು. ತೊಳೆಯಲು ಕೂತ ತಾಯಿಯೋ ಅಕ್ಕನೋ ಹೋದರೆ?