ಪತ್ತಿಲ್ಲದವರು
ಗದಗ ಸೀಮೆಯ ಕಣಗಿನಹಾಳದ ಹೆಸರೆತ್ತಿದರೆ ನನಗೆ ಹೆಮ್ಮೆಯೂ ಹೌದು, ಅಳುಕೂ ಹೌದು. ೧೯೦೪ರ ಸಹಕಾರ ಕಾಯಿದೆಯ ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಪತ್ತಿನ ಸಂಘ ಕಟ್ಟಿದರು. ಒಬ್ಬನ ಸಾಲಕ್ಕೆ ಎಲ್ಲರ ಹೊಣೆ: ಆ ಕಾಯಿದೆಯ ಗ್ರಾಮಸಂಘಗಳ ತಿರುಳಿದು. ಸಾಹುಕಾರನ ಬಡ್ಡಿಯಲ್ಲಿ ಬೆಂದ ರೈತನಿಗೆ ಅದೊಂದು ನೆರಳು. ಆದರೆ ಹೊಲವೂ ಇಲ್ಲದ, ಪತ್ತೂ ಇಲ್ಲದ ಕೂಲಿಯವನಿಗೆ ಜಾಮೀನು ನಿಲ್ಲುವವರಾರು?

ಸಾಲ ಹಂಚುವುದರಲ್ಲಿ ಪಳಗಿದ್ದ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಗೂ ಇದೇ ಪ್ರಶ್ನೆ ಎದುರಾಯಿತು. ೨೦೦೨ರಲ್ಲಿ ಅದು ಕಡುಬಡ ಹೆಂಗಸರಿಗೆ ಸಾಲದ ಬದಲು ಆಕಳನ್ನೋ ಆಡನ್ನೋ ಕೊಡತೊಡಗಿತು. ಗಳಿಕೆ ಕೈಗೆ ಹತ್ತುವವರೆಗೆ ಹೊಟ್ಟೆಪಾಡಿಗಿಷ್ಟು ಹಣ, ಸಾಕಣೆಯ ತಿಳಿವಳಿಕೆ, ಸುಮಾರು ಎರಡು ವರ್ಷದ ಒತ್ತಾಸೆ. ಈ ಮಾದರಿಯನ್ನು ಆರು ದೇಶಗಳಲ್ಲಿ ಪರೀಕ್ಷಿಸಿದ ಫಲ ೨೦೧೫ರಲ್ಲಿ ಪ್ರಕಟವಾಯಿತು: ನೆರವು ನಿಂತು ವರ್ಷ ಕಳೆದರೂ ಒಟ್ಟಿನಲ್ಲಿ ಆ ಮನೆಗಳು ಹಿಂದಿನ ಬಡತನಕ್ಕೆ ಜಾರಿರಲಿಲ್ಲ.

ಕಣಗಿನಹಾಳದ ದಾರಿ ತಪ್ಪಲ್ಲ. ಆದರೆ ಬಿದ್ದವನಿಗೆ ಮೊದಲು ಬೇಕಾದದ್ದು ಸಾಲವಲ್ಲ, ಕೈ.