ಹೊಗೆಯ ಲೆಕ್ಕದಲ್ಲಿ ನಮ್ಮ ತಲೆಗಳು

ಮೈಸೂರು ಸೀಮೆಯಲ್ಲಿ ಕರೆಂಟು ಮೊದಲು ಹರಿದದ್ದು ಯಾರ ಮನೆಗೆ? ಯಾರ ಮನೆಗೂ ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗೆ ಹೋಯ್ತು. ಗಣಿ ಬ್ರಿಟಿಷ್ ಕಂಪನಿಯದು. ಪಾತಾಳಕ್ಕಿಳಿದು ಕಲ್ಲು ಒಡೆದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ನಮ್ಮ ಹಟ್ಟಿಗಳಲ್ಲಿ ಮಾತ್ರ ಅಜ್ಜಿಯಂದಿರು ಇನ್ನೂ ಎಷ್ಟೋ ಕಾಲ ಬುಡ್ಡಿ ದೀಪದ ಹೊಗೆ ಕುಡಿದರು.

ನೀರಿನ ವಿದ್ಯುತ್ತಿಗೆ ಹೊಗೆಯಿರಲಿಲ್ಲ. ಆದರೆ ಕಾರ್ಖಾನೆ, ಪಂಪ್‌ಸೆಟ್ಟು, ಪಟ್ಟಣ ಬೆಳೆದಂತೆ ನೀರು ಸಾಲದಾಯ್ತು. 1971ರಿಂದ 1973ರೊಳಗೆ ಕಲ್ಲಿದ್ದಲ ಗಣಿಗಳು ರಾಷ್ಟ್ರೀಕರಣಗೊಂಡವು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕೃಷ್ಣೆಯ ದಡದ ಮೇಲೆ ಕಲ್ಲಿದ್ದಲ ಒಲೆ ಹೊತ್ತಿತು. ಇವತ್ತು ಭಾರತದ ವಿದ್ಯುತ್ತಿನ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನದೇ. ಹಾಗಾಗಿ ಇಲ್ಲಿ ಬೆಳವಣಿಗೆ ಅಂದ್ರೆ ಹೆಚ್ಚು ಕರೆಂಟು, ಹೆಚ್ಚು ಕರೆಂಟು ಅಂದ್ರೆ ಹೆಚ್ಚು ಇಂಗಾಲ. ಒಟ್ಟು ಹೊಗೆಯಲ್ಲಿ ಚೀನಾ, ಅಮೆರಿಕಗಳ ನಂತರ ನಾವೇ.

ಶ್ರೀಮಂತ ದೇಶಗಳು ಈ ಒಟ್ಟು ಲೆಕ್ಕ ತೋರಿಸಿ ನಮ್ಮನ್ನು ಗದರುತ್ತವೆ. ಅದು ಮೋಸ. ಕೈಗಾರಿಕೆ ಶುರುವಾದಂದಿನಿಂದ ಆಕಾಶಕ್ಕೆ ಸೇರಿದ ಇಂಗಾಲದಲ್ಲಿ ಸುಮಾರು ಕಾಲು ಪಾಲು ಅಮೆರಿಕವೊಂದರದ್ದೇ. ಅಲ್ಲಿ ವರ್ಷಕ್ಕೆ ತಲೆಗೆ ಸುಮಾರು 14 ಟನ್ನು, ಇಲ್ಲಿ ಸುಮಾರು 2. ಬಡತನ ನೀಗದೆ ಪರಿಸರ ಉಳಿಯದು ಅಂತ 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ಇಂದಿರಾ ಗಾಂಧಿ ವಾದಿಸಿದರು. ಜವಾಬ್ದಾರಿ ಎಲ್ಲರದ್ದಾದರೂ ಸಮಸಮ ಅಲ್ಲ ಅಂತ 1992ರ ಹವಾಮಾನ ಒಪ್ಪಂದವೂ ಒಪ್ಪಿತು. ಈ ವಾದ ನಮ್ಮದೂ ಹೌದು.

ಆದರೆ ಗೆಳೆಯರೇ, ಆ 2 ಟನ್ನು ಯಾರ ತಲೆಯದು? ಭಾಗ್ಯಜ್ಯೋತಿಯ ಒಂದು ಬಲ್ಬಿನ ಗುಡಿಸಲನ್ನೂ ಕೋಣೆಕೋಣೆಗೂ ಏಸಿ ಹಾಕಿದ ಬಂಗಲೆಯನ್ನೂ ಕೂಡಿಸಿ ಭಾಗಿಸಿದ ಲೆಕ್ಕ ಅದು. ಊರಿಗೂ ಕೇರಿಗೂ ಒಂದೇ ಸರಾಸರಿ! ಬಾವಿ ನೀರಿನಲ್ಲಿ ನಮ್ಮನ್ನು ಸೇರಿಸಿಕೊಳ್ಳದವರು ಹೊಗೆಯ ಲೆಕ್ಕದಲ್ಲಿ ಮಾತ್ರ ಸೇರಿಸಿಕೊಂಡಿದ್ದಾರೆ. ಯಾಕಂದ್ರೆ ನಮ್ಮ ಕತ್ತಲೆ ಅವರ ಬೆಳಕಿಗೆ ಪರವಾನಗಿ.

ಸೂರ್ಯನ ವಿದ್ಯುತ್ತು ಬಂದರೆ ಇದು ತಾನಾಗಿ ಸರಿಹೋಗುತ್ತಾ? ಪಾವಗಡ ನೋಡಿ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಹೊಗೆಯಿಲ್ಲ, ಒಳ್ಳೇದೇ. ಜಮೀನಿದ್ದವರಿಗೆ ವರ್ಷವರ್ಷ ಗುತ್ತಿಗೆ ಹಣ ಬಂತು. ಆ ಜಮೀನಿನಲ್ಲಿ ಕಳೆ ಕಿತ್ತು ಬದುಕುತ್ತಿದ್ದ ಭೂಮಿಯಿಲ್ಲದ ಕೂಲಿಯವರಿಗೆ? ಕೂಲಿ ಹೋಯ್ತು, ಗುತ್ತಿಗೆಯೂ ಇಲ್ಲ. 1902ರಲ್ಲಿ ನೀರು, 1985ರಲ್ಲಿ ಕಲ್ಲಿದ್ದಲು, ಈಗ ಬಿಸಿಲು: ಉರುವಲು ಬದಲಾಯ್ತು, ಉಣ್ಣುವವರ ಸಾಲು ಬದಲಾಗಲಿಲ್ಲ.

ನಾವು ಬೆಳವಣಿಗೆ ಬೇಡ ಅನ್ನುವವರಲ್ಲ. ಬುಡ್ಡಿ ದೀಪವನ್ನು ಹೊಗಳುವುದು ಅದರ ಕೆಳಗೆ ಓದದವರ ಚಾಳಿ. ನಮಗೆ ಫ್ಯಾನು ಬೇಕು, ಪಂಪು ಬೇಕು, ಮಕ್ಕಳು ಓದುವ ದೀಪ ಬೇಕು. ಭೂಮಿ ಕಾಯ್ದಾಗ ಮೊದಲು ಬೇಯುವುದು ಬಯಲಲ್ಲಿ ದುಡಿಯುವ ಮೈ. ಹಾಗಾಗಿ ಹೊಗೆ ಇಳಿಯುವುದೂ ಮೊದಲು ನಮಗೇ ಬೇಕು. ದೇಶದೇಶಗಳ ನಡುವೆ ಕೇಳುವ ನ್ಯಾಯವನ್ನು ಊರು ಕೇರಿಗಳ ನಡುವೆಯೂ ಕೇಳೋಣ. ತಲೆ ಎಣಿಸುವುದಾದರೆ ಒಂದೊಂದಾಗಿ ಎಣಿಸಲಿ: ಯಾರು ಎಷ್ಟು ಉರಿಸಿದರು, ಯಾರು ಎಷ್ಟು ಬೆಂದರು.