ಗ್ರಾಸ್ಮಿಯರಿನ ವಿಹಾರಾರ್ಥಿಗಳು

ಇಂಗ್ಲೆಂಡಿನ ವಾಯವ್ಯ ಭಾಗದ ಸರೋವರ ಪ್ರಾಂತದಲ್ಲಿ, ಬೆಟ್ಟಗಳ ನಡುವೆ, ಸುಮಾರು ಒಂದು ಮೈಲಿ ಉದ್ದದ ಕೊಳದ ದಡದಲ್ಲಿ ಗ್ರಾಸ್ಮಿಯರ್ ಎಂಬ ಸಣ್ಣ ಹಳ್ಳಿಯುಂಟು. 1769ರಲ್ಲಿ ಇಲ್ಲಿಗೆ ಬಂದ ಕವಿ ಥಾಮಸ್ ಗ್ರೇ, ಶ್ರೀಮಂತರ ಸೌಧಗಳಿಲ್ಲದ ಈ ಎಡೆಯ ಶಾಂತಿಯನ್ನು ತನ್ನ ದಿನಚರಿಯಲ್ಲಿ ಕೊಂಡಾಡಿದನು. 1778ರಲ್ಲಿ ಥಾಮಸ್ ವೆಸ್ಟನ ಕೈಪಿಡಿಯೂ ಹೊರಬಿದ್ದಿತು; ವಿಹಾರಾರ್ಥಿಗಳು ಹೆಚ್ಚಿದರು.

1799ರ ಕೊನೆಯಲ್ಲಿ ವರ್ಡ್ಸ್‌ವರ್ತನು ತಂಗಿ ಡಾರೊತಿಯೊಡನೆ ಇಲ್ಲಿ ಮನೆಹೂಡಿದನು. 1810ರಲ್ಲಿ ಮೊದಲು ಅಚ್ಚಾಗಿ ಮುಂದೆ ಬೆಳೆದ ಅವನ ಪ್ರಾಂತವರ್ಣನೆಯು, ಕಾಣುವ ಕಣ್ಣೂ ಸವಿಯುವ ಹೃದಯವೂ ಉಳ್ಳವರಿಗೆಲ್ಲ ಈ ನಾಡಿನಲ್ಲಿ ಹಕ್ಕುಂಟೆಂದು ಸಾರಿತು. ಆದರೆ 1844ರಲ್ಲಿ, ಸಮೀಪದ ವಿಂಡರ್ಮಿಯರಿನವರೆಗೆ ರೈಲು ಹಾಕುವ ಯೋಜನೆ ಎದ್ದಾಗ, ಅದೇ ಕವಿಯು ಪತ್ರಿಕೆಗೆ ಬರೆದು ವಿರೋಧಿಸಿದನು. ಪ್ರಕೃತಿಯ ಅಭಿರುಚಿ ಮೆಲ್ಲಮೆಲ್ಲನೆ ಹದಗೊಳ್ಳತಕ್ಕದ್ದು. ಕೂಲಿಗಾರರನ್ನು ಹಿಂಡುಹಿಂಡಾಗಿ ತಂದಿಳಿಸಿದರೆ ಅವರಿಗೆ ಲಾಭವಿಲ್ಲ, ಸ್ಥಳಕ್ಕೆ ಕೇಡು. ಅವರು ಹೆಂಡಿರು ಮಕ್ಕಳೊಡನೆ ತಮ್ಮೂರ ಹೊಲಗಳಲ್ಲೇ ತಿರುಗಾಡಲಿ — ಇದು ಅವನ ವಾದ. ಕಣ್ಣೂ ಹೃದಯವೂ ಕೂಲಿಗಾರನಿಗಿಲ್ಲವೆ? ಒಂದೇ ದಿನದ ಬಿಡುವುಳ್ಳವನು ರೈಲಿಲ್ಲದೆ ಹೇಗೆ ಬಂದಾನು? ಇದಕ್ಕೆ ಆ ಕಾಗದಗಳಲ್ಲಿ ತೃಪ್ತಿಕರವಾದ ಉತ್ತರ ದೊರೆಯದು. ಸ್ಥಳದ ಬಗೆಗೆ ಅವನಿಗಿದ್ದ ಅಂಜಿಕೆ ಮಾತ್ರ ಸುಳ್ಳಲ್ಲ.

1847ರಲ್ಲಿ ರೈಲು ವಿಂಡರ್ಮಿಯರನ್ನು ಮುಟ್ಟಿತು. ಗ್ರಾಸ್ಮಿಯರಿಗೆ ಇಂದಿಗೂ ಹಳಿ ಬಂದಿಲ್ಲ. 1850ರಲ್ಲಿ ತೀರಿಕೊಂಡ ಕವಿಯ ಸಮಾಧಿ ಆ ಹಳ್ಳಿಯ ಚರ್ಚಿನ ಅಂಗಳದಲ್ಲಿದೆ. ಅದನ್ನು ನೋಡಲೆಂದೇ ಜನರು ಗುಂಪುಗುಂಪಾಗಿ ಬರುತ್ತಾರೆ.